ಬೋಜದ ಮಡಕೆ ತೊಳೆದದ್ದು

ಹೋದ ತಿಂಗಳು ನಾನು ಕೆಲಸಕ್ಕೆ ಹೋಗುವ ಹೋಂಸ್ಟೇಯ ಸ್ಟೋರ್ ರೂಮಿನ ಬಾಗಿಲು ತೆಗೆದೆ, ಒಂದು ವಾಸನೆ ಬಂದು ಮೂಗಿಗೆ ಹೊಡೆಯಿತು. ಹುಳಿ ವಾಸನೆ, ಅದರೊಳಗೆ ಸ್ವಲ್ಪ ಸಿಹಿ, ನೆನೆದ ಧಾನ್ಯದ ಬಿಸಿ... ಕಸಬರಿಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಆ ವಾಸನೆ ಮೂಗಿಗೆ ಬಿದ್ದು ಮೂವತ್ತು ವರ್ಷದ ಮೇಲಾಗಿತ್ತು.

ಮೂಲೆಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಡ್ರಮ್ಮು. ಅದರ ಮುಚ್ಚಳದಿಂದ ಒಂದು ಸಣ್ಣ ಪೈಪು ಹೊರಟು ನೀರಿನ ಬಾಟಲಿಯೊಳಗೆ ಇಳಿದಿತ್ತು. ಹೋಂಸ್ಟೇಯ ಯಜಮಾನರು ಅದರ ಎದುರು ಸ್ಟೂಲ್ ಹಾಕಿಕೊಂಡು, ಒಂದು ಕಣ್ಣು ಮೊಬೈಲಿನ ಮೇಲೆ, ಒಂದು ಕಣ್ಣು ಬಾಟಲಿಯ ಮೇಲೆ ಇಟ್ಟು ಕೂತಿದ್ದರು.

"ಎಂತ ಗೌಡ್ರೆ ಇದು?" ಎಂದೆ.

"ಬಿಯರ್ ಮಾರಾಯ್ತಿ. ಮನೇಲೇ ಮಾಡೋದು ಈಗ ಫ್ಯಾಷನ್. ಎರಡು ದಿನ ಆತು, ಒಂದು ಗುಳ್ಳೆ ಇಲ್ಲ. ಮುಚ್ಚಳ ತೆಗೆದು ನೋಡ್ಬಹುದಾ ಅಂತ ಹುಡುಕ್ತಾ ಇದ್ದೆ."

ಮೊಬೈಲಿನಲ್ಲಿ ಯಾರು ಯಾರೋ ಅದನ್ನೇ ಕೇಳಿದ್ದರಂತೆ. ಗುಳ್ಳೆ ಯಾಕೆ ಬರಲಿಲ್ಲ, ಮೇಲೆ ಬಿಳಿ ಕಟ್ಟಿದರೆ ಚೆಲ್ಲಬೇಕಾ, ಎಷ್ಟು ದಿನ ಬಿಡಬೇಕು, ಕುಡಿದರೆ ಕಣ್ಣು ಹೋಗುತ್ತದಾ... ಒಂದೊಂದೇ ಓದಿ ಹೇಳಿದರು.

"ಅದಕ್ಕೆ ಥಂಡಿ ಹಿಡಿದಿದೆ. ಗೋಣಿ ಸುತ್ತಿ. ಮುಚ್ಚಳ ಮುಟ್ಟಬೇಡಿ," ಎಂದೆ.

"ನಿಂಗೆ ಹೆಂಗೆ ಗೊತ್ತು?"

ಗೊತ್ತು ಅಂತ ಹೇಳಿ ಗುಡಿಸುವುದಕ್ಕೆ ಬಗ್ಗಿದೆ. ಆ ಪ್ರಶ್ನೆಗಳನ್ನೆಲ್ಲ ನಾನು ಒಬ್ಬಳಿಗೆ ಕೇಳಿ ಮುಗಿಸಿದ್ದೆ. ಅವಳು ಹೋಗಿ ಎಷ್ಟೋ ಕಾಲವಾಯಿತು.

ಅವಳನ್ನು ದೊಡ್ಡಮ್ಮ ಅಂತ ಕರೆಯುತ್ತಿದ್ದೆ. ನೆಂಟಸ್ತಿಕೆ ಏನೂ ಇರಲಿಲ್ಲ, ನಮ್ಮಿಬ್ಬರ ಮನೆಗೂ ಒಂದೇ ಬೇಲಿ, ಅಷ್ಟೆ. ನಾನು ಮುತ್ತಿನಕೊಪ್ಪದಿಂದ ಜಯಪುರದ ಹತ್ತಿರದ ಈ ಊರಿಗೆ ಮದುವೆಯಾಗಿ ಬಂದಾಗ ಅವಳಿಗೆ ಅರವತ್ತು ದಾಟಿತ್ತು. ಗಂಡ ಇರಲಿಲ್ಲ. ಎರಡು ಗಂಡುಮಕ್ಕಳು ಚಿಕ್ಕವರಿದ್ದಾಗಲೇ ಜ್ವರ ಬಂದು ಒಂದೇ ವಾರದಲ್ಲಿ ತೀರಿಕೊಂಡಿದ್ದವಂತೆ. ಅದನ್ನು ಅವಳು ನನಗೆ ಒಂದು ಸಲ ಹೇಳಿದಳು, ಎರಡನೇ ಸಲ ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರೂ ತೋಟದ ಕೂಲಿಗೆ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿದ್ದೆವು. ದಾರಿಯಲ್ಲಿ ಮಾತು ಕಡಿಮೆ.

ಕುಡಿತ ಅಂದರೆ ನನಗೆ ಮೈ ಉರಿಯುತ್ತದೆ. ನಮ್ಮಪ್ಪ ಕುಡಿದೇ ಸತ್ತ. ಆದರೆ ದೊಡ್ಡಮ್ಮ ಮಾಡುತ್ತಿದ್ದ ಅಕ್ಕಿ ಬೋಜವನ್ನು ನಾನು ಕುಡಿತದ ಲೆಕ್ಕಕ್ಕೆ ಹಿಡಿಯಲಿಲ್ಲ. ಕೆಂಪಕ್ಕಿ ಅನ್ನ ಮಾಡಿ ಚಾಪೆಯ ಮೇಲೆ ಹರಡಿ ಆರಿಸಬೇಕು. ಕಾಡಿನ ಯಾವುದೋ ಬೇರು ಕುಟ್ಟಿ ಅಕ್ಕಿಹಿಟ್ಟಿನ ಜತೆ ಕಲಸಿ ಒಣಗಿಸಿದ ಉಂಡೆ ಇರುತ್ತಿತ್ತು, ಅದನ್ನು ಪುಡಿ ಮಾಡಿ ಅನ್ನಕ್ಕೆ ಬೆರೆಸಬೇಕು. ಮಡಕೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಇಟ್ಟರೆ ಮೂರು ದಿನಕ್ಕೆ ಒಳಗೆ ಗುಳುಗುಳು ಶುರುವಾಗುತ್ತದೆ. ಆಮೇಲೆ ನೀರು ಹೊಯ್ದು, ಮತ್ತೆರಡು ದಿನ ಬಿಟ್ಟು ಸೋಸಿದರೆ ಬೆಳ್ಳಗೆ ತಿಳಿ ಗಂಜಿಯ ಹಾಗೆ ಬರುತ್ತದೆ. ಅವಳು ಮಾಡುತ್ತಿದ್ದದ್ದು ವರ್ಷಕ್ಕೆ ಒಂದೇ ಮಡಕೆ, ಹಿರಿಯರ ಹಬ್ಬಕ್ಕೆ. ಗಂಡನಿಗೂ ಮಕ್ಕಳಿಗೂ ಎಡೆ ಇಟ್ಟು, ಮೂರು ಎಲೆಯ ಪಕ್ಕ ಮೂರು ತೆಂಗಿನ ಚಿಪ್ಪಿನಲ್ಲಿ ಬೋಜ ಹೊಯ್ಯುತ್ತಿದ್ದಳು.

"ಮಕ್ಳಿಗೂ ಬೋಜವಾ ದೊಡ್ಡಮ್ಮ?" ಎಂದು ಮೊದಲ ವರ್ಷ ಕೇಳಿದ್ದೆ.

"ಬದುಕಿದ್ರೆ ಇಷ್ಟೊತ್ತಿಗೆ ಮೀಸೆ ಬಂದು ನರೀತಿತ್ತು. ಕುಡೀಲಿ ಬಿಡೆ," ಎಂದಳು.

ಒಂಬತ್ತು ವರ್ಷ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಇನ್ನೂ ಸದ್ದು ಬರಲಿಲ್ಲವಲ್ಲ ಎಂದರೆ, "ಅದು ಅದರ ಕೆಲ್ಸ ಮಾಡ್ತದೆ, ನೀನು ನಿನ್ ಕೆಲ್ಸ ನೋಡ್ಕ" ಎನ್ನುವಳು. ಒಂದು ಸಲ ಬಟ್ಟೆ ಬಿಚ್ಚಿ ನೋಡಲಾ ಎಂದರೆ, "ಬಾಣಂತಿ ಕೋಣೆಗೆ ಗಳಿಗೆಗೊಂದ್ಸಲ ಇಣುಕ್ತಾರನೆ?" ಎಷ್ಟು ದಿನ ಎಂದರೆ, "ಆಗೋ ತನಕ." ಮೇಲೆ ಬಿಳಿ ಕಟ್ಟಿದೆಯಲ್ಲ ಎಂದರೆ, "ತೆಳ್ಳಗಿದ್ರೆ ಇರ್ಲಿ, ಕರೀದಾದ್ರೆ ಹೇಳು." ಅವಳಿಗೆ ಬೇಜಾರಾಗಲಿಲ್ಲ. ಇಡೀ ವರ್ಷದಲ್ಲಿ ಅವಳು ನಗುತ್ತಿದ್ದದ್ದು ಆ ಐದಾರು ದಿನ. ಮಡಕೆ ಗುಳುಗುಟ್ಟಲು ಶುರುವಾದ ಮೇಲೆ ಅದರ ಹತ್ತಿರವೇ ಚಾಪೆ ಹಾಕಿಕೊಂಡು ಮಲಗುತ್ತಿದ್ದಳು. ಮನೆಯಲ್ಲಿ ಸದ್ದು ಮಾಡುವುದು ಇನ್ನೊಂದು ಇತ್ತು ಅಂತಲೋ ಏನೋ...

ಹತ್ತನೆಯ ವರ್ಷ ಅವಳ ಕಾಲು ಬಾತುಕೊಂಡಿತು. ಗುಡ್ಡ ಹತ್ತಿ ಬೇರು ಅಗೆಯಲು ಆಗಲಿಲ್ಲ, ಹಾಗಾಗಿ ಹೊಸ ಉಂಡೆ ಕಟ್ಟಲಿಲ್ಲ. ಬೇರು ಯಾವ ಗಿಡದ್ದು ಅಂತ ಅವಳಿಗೆ ಬಿಟ್ಟರೆ ಸುತ್ತ ಯಾರಿಗೂ ತಿಳಿದಿರಲಿಲ್ಲ. ಹಿಂದಿನ ವರ್ಷದ ಒಂದೇ ಒಂದು ಉಂಡೆ ಎಲೆ ಸುತ್ತಿಕೊಂಡು ಒಲೆಯ ಮೇಲಿನ ಅಟ್ಟದಲ್ಲಿ ಉಳಿದಿತ್ತು. ಹಬ್ಬಕ್ಕೆ ವಾರ ಇರುವಾಗ ನನ್ನನ್ನು ಕರೆದು ಅದನ್ನು ಕೈಯಲ್ಲಿ ಇಟ್ಟಳು. ಮಡಕೆಯನ್ನೂ ಕೊಟ್ಟಳು.

"ಈ ವರ್ಷ ನೀನೇ ಹಾಕು. ಅವ್ರಿಗೆ ವರ್ಷಕ್ಕೆ ಒಂದು ಗುಟುಕು, ಅದೂ ತಪ್ಪಿದ್ರೆ ಮತ್ತೆ ಈ ಬಾಗ್ಲಿಗೆ ಬರಲ್ಲ."

"ನಂಗೆ ಬರ್ತದಾ ದೊಡ್ಡಮ್ಮ?"

"ಒಂಬತ್ತು ವರ್ಷ ತಲೆ ತಿಂದಿದೀಯ, ಬರ್ದೆ ಎಂತ? ಸರಿಯಾಗಿ ಬಂದ್ರೆ ಹಬ್ಬ ಆದ್ಮೇಲೆ ಬೇರು ತೋರಿಸ್ತೀನಿ. ನನ್ ಜತೆಗೇ ಹೋಗ್ಬಾರ್ದು ಅದು."

ಮಡಕೆ ತಂದು ಅಂಗಳದಲ್ಲಿ ಇಟ್ಟು ಒಳಗೆ ನೋಡಿದೆ. ಕಪ್ಪಗಿತ್ತು, ಅವಳ ಕತ್ತಲೆ ಒಳಮನೆಯಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎಷ್ಟು ವರ್ಷದ್ದೋ ಜಿಡ್ಡು, ಹುಳಿ ವಾಸನೆ. ನನ್ನ ತವರಿನಲ್ಲಿ ಹಿರಿಯರಿಗೆ ಎಡೆ ಇಡುವ ಪಾತ್ರೆಯನ್ನು ಹಿಂದಿನ ದಿನವೇ ತಿಕ್ಕಿ ತಿಕ್ಕಿ ಬೆಳಗುತ್ತಿದ್ದರು. ಎಂಜಲು, ಕಲೆ ಏನಾದರೂ ಇದ್ದರೆ ಸತ್ತವರು ಮುಟ್ಟುವುದಿಲ್ಲ ಅಂತ. ಪಾಪ, ಮುದುಕಿಗೆ ತಿಕ್ಕಲು ಕೈಲಾಗಲಿಲ್ಲ ಅಂದುಕೊಂಡೆ. ತೆಂಗಿನ ನಾರು ತೆಗೆದುಕೊಂಡು ಮೊದಲು ಬೂದಿ ಹಾಕಿ, ಆಮೇಲೆ ಸೋಪಿನ ಪುಡಿ ಹಾಕಿ, ಒಳಗಿನ ಮಣ್ಣು ಕೆಂಪಗೆ ಕಾಣುವ ತನಕ ಉಜ್ಜಿದೆ. ಬಿಸಿಲಿಗೆ ಬೋರಲು ಹಾಕಿದೆ. ಹೊಸದರ ಹಾಗಿತ್ತು. ನನಗೆ ಹೆಮ್ಮೆಯಾಯಿತು.

ಅನ್ನ ಆರಿಸಿದೆ, ಉಂಡೆ ಪುಡಿ ಮಾಡಿ ಬೆರೆಸಿದೆ, ಬಟ್ಟೆ ಕಟ್ಟಿದೆ. ಮೂರನೇ ದಿನ ಕಿವಿ ಇಟ್ಟು ಕೇಳಿದೆ, ಸದ್ದಿಲ್ಲ. ಗೋಣಿ ಸುತ್ತಿದೆ. ನಾಲ್ಕನೇ ದಿನವೂ ಇಲ್ಲ. ಐದನೇ ದಿನ ಬಟ್ಟೆ ಬಿಚ್ಚಿದೆ. ಅನ್ನದ ಮೇಲೆ ಹಸಿರು, ಕಪ್ಪು ಬೂಷ್ಟು ಕಟ್ಟಿತ್ತು. ವಾಸನೆ ಸತ್ತ ಇಲಿಯದು.

ಮಣ್ಣಿನ ಮಡಕೆ ಸೋಪನ್ನು ಕುಡಿದು ಇಟ್ಟುಕೊಳ್ಳುತ್ತದೆ. ಆ ಕಪ್ಪು ಜಿಡ್ಡಿನಲ್ಲೇ ಬೋಜದ ಅರ್ಧ ಜೀವ ಇರುತ್ತದೆ, ಅದನ್ನು ತೊಳೆಯುವುದಿಲ್ಲ, ಒಲೆಯ ಹೊಗೆಗೆ ತೋರಿಸಿ ಇಡುತ್ತಾರೆ. ಇದು ನನಗೆ ತಿಳಿದದ್ದು ಆಮೇಲೆ. ಒಂಬತ್ತು ವರ್ಷ ಊರ ಪ್ರಶ್ನೆಯೆಲ್ಲ ಕೇಳಿದೆ. ಮಡಕೆ ತೊಳೆಯಬೇಕಾ ಅಂತ ಒಂದು ಕೇಳಲಿಲ್ಲ. ಅದು ಕೇಳುವ ಮಾತು ಅಂತ ನನಗೆ ಅನ್ನಿಸಲೇ ಇಲ್ಲ. ತೊಳೆಯುತ್ತಾರೆ ಅಂತ ಅವಳಿಗೂ ಅನ್ನಿಸಿರಲಿಕ್ಕಿಲ್ಲ.

ತಿಪ್ಪೆಗೆ ಸುರಿದು ಮೇಲೆ ಸೊಪ್ಪು ಎಳೆದೆ. ಮರುದಿನವೇ ಹಬ್ಬ. ಅವಳ ಮನೆಗೆ ಹನ್ನೆರಡು ಹೆಜ್ಜೆ. ಎರಡು ಸಲ ಬೇಲಿಯ ತನಕ ಹೋಗಿ ವಾಪಸು ಬಂದೆ. ನಾನು ಯಾರ ಮುಖಕ್ಕೂ ಹೇಳುವುದನ್ನು ಹೇಳಿಯೇ ಬಿಡುವವಳು. ಅದಕ್ಕೆ ಊರಿನಲ್ಲಿ ನನಗೆ ಬಾಯಿಬಡುಕಿ ಅಂತ ಹೆಸರಿದೆ. ಅವತ್ತು ಮಾತ್ರ ಬಾಯಿ ಬರಲಿಲ್ಲ. ಮೂರನೇ ಸಲ ಬೇಲಿಯ ಕಡೆ ಹೋಗಲಿಲ್ಲ, ರಸ್ತೆಗೆ ಹೋಗಿ ಜಯಪುರದ ಬಸ್ ಹತ್ತಿದೆ.

ಬ್ರಾಂದಿ ಅಂಗಡಿಗೆ ಹೆಂಗಸು ಬಂದದ್ದು ನೋಡಿ ಅಲ್ಲಿದ್ದ ಗಂಡಸರು ಗೋಡೆ ಕಡೆ ತಿರುಗಿದರು. ಬಿಯರು ಕೊಡು ಎಂದೆ. ಬ್ರಾಂದಿ ಆದರೆ ಮೂಗಿಗೇ ಗೊತ್ತಾಗುತ್ತದೆ, ಬಿಯರು ಧಾನ್ಯದ್ದು ಅಂತ ಯಾರೋ ಹೇಳಿದ್ದು ನೆನಪಿತ್ತು.

"ಯಾರಿಗಮ್ಮ?" ಎಂದ ಅಂಗಡಿಯವನು.

"ಸತ್ತೋರಿಗೆ," ಎಂದೆ.

ಅವನು ಪೇಪರಿನಲ್ಲಿ ಸುತ್ತಿ ಕೊಟ್ಟ.

ಮರುದಿನ ಮಧ್ಯಾಹ್ನ ಬಿಯರಿಗೆ ಗಂಜಿ ತಿಳಿ ಬೆರೆಸಿ ಬೆಳ್ಳಗೆ ಮಾಡಿ, ಅದೇ ಮಡಕೆಗೆ ಹೊಯ್ದು ತೆಗೆದುಕೊಂಡು ಹೋದೆ. ದೊಡ್ಡಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಎಲೆಗಳು ಹಾಕಿ ಆಗಿತ್ತು. ಮಡಕೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಎಷ್ಟು ದಿನಕ್ಕೆ ಸದ್ದು ಬಂತು?"

"ಮೂರು."

"ಬಟ್ಟೆ ಬಿಚ್ಚಿ ನೋಡ್ದ್ಯಾ?"

"ಇಲ್ಲ."

"ಮೇಲೆ ಬಿಳಿ ಕಟ್ಟಿತ್ತಾ?"

"ತೆಳ್ಳಗೆ."

ನಾನು ಅವಳಿಗೆ ಕೇಳುತ್ತಿದ್ದ ಪ್ರಶ್ನೆಗಳೇ ಅವು. ಒಂದೊಂದಕ್ಕೂ ಒಂದೊಂದು ಸುಳ್ಳು ಹೇಳಿದೆ. ಅವಳು ಮಡಕೆಯೊಳಗೆ ಕೈ ಹಾಕಿ, ಒಳಗಿನ ಮೈಯನ್ನು ಹೆಬ್ಬೆರಳಿನಲ್ಲಿ ಉಜ್ಜಿ, ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ತುಂಬ ಹೊತ್ತು ಹಿಡಿದಳು.

"ತೊಳ್ದಿದೀಯ," ಎಂದಳು.

"ಚೊಕ್ಕ ಮಾಡ್ದೆ ದೊಡ್ಡಮ್ಮ."

ಅವಳು ಮೂರು ಚಿಪ್ಪಿಗೂ ಹೊಯ್ದಳು. ಕಡೆಗೆ ತಾನೊಂದು ಗುಟುಕು ಕುಡಿದಳು. ಬೋಜ ಹುಳಿ ಸಿಹಿ ಇರುತ್ತದೆ, ಬಿಯರು ಕಹಿ. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಾಡಲಿಲ್ಲ. ಎಲೆಗಳ ಕಡೆ ಬಗ್ಗಿ, "ತಗಳ್ರೋ. ಈ ವರ್ಷ ಇಷ್ಟೇ," ಎಂದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು.

"ಬೇರು ತೋರಿಸ್ತೀನಿ ಅಂದಿದ್ದೆ. ಬೇಡ ಬಿಡು. ಜಯಪುರದಲ್ಲೇ ಸಿಗ್ತದಲ."

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮಡಕೆ ಅಲ್ಲೇ ಬಿಟ್ಟು ಮನೆಗೆ ಬಂದೆ.

ಅವಳು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಜಗಳ ಆಡಿ ಮುಗಿಸುತ್ತಿದ್ದೆವು. ನಾನು ಒಯ್ದ ಗಂಜಿ ಕುಡಿಯುತ್ತಿದ್ದಳು, ಕಾಲಿಗೆ ಎಣ್ಣೆ ಹಚ್ಚಿದರೆ ಹಚ್ಚಿಸಿಕೊಳ್ಳುತ್ತಿದ್ದಳು. ಅದರಾಚೆ ಒಂದು ಮಾತಿಲ್ಲ. ಮುಂದಿನ ಹಬ್ಬಕ್ಕೆ ಮೊದಲೇ ಸತ್ತಳು. ಬಾಯಿಗೆ ನೀರು ಬಿಟ್ಟವಳು ನಾನೇ. ಆ ಹೊತ್ತಿನಲ್ಲೂ ಹೇಳಲಿಲ್ಲ. ಬೇರು ಅವಳ ಜತೆಗೇ ಹೋಯಿತು.

ಆಮೇಲೆ ನಾನು ಹುಡುಕಲಿಲ್ಲ ಅಂತಲ್ಲ. ಅಡ್ಡಗದ್ದೆಯ ಕಡೆ ಒಬ್ಬ ಮುದುಕನಿಗೆ ಗೊತ್ತು ಅಂದರು, ಹೋದೆ. ಅವನು ಒಂದು ಬೇರು ಕೊಟ್ಟ, ಬೋಜ ಶುದ್ಧ ಹುಳಿಯಾಯಿತು. ಇನ್ನೊಬ್ಬಳು ಇನ್ನೊಂದು ಕೊಟ್ಟಳು, ಮೂರು ದಿನ ಭೇದಿ ಆಯಿತು. ಬಿಟ್ಟೆ.

ಈಗ ನನ್ನ ಗಂಡನೂ ಇಲ್ಲ, ಎಂಟು ವರ್ಷವಾಯಿತು. ದೊಡ್ಡಮ್ಮನ ಮನೆ ಬಿದ್ದು ಗೋಡೆ ಮಣ್ಣಾಗಿದೆ. ಅವರಿಗೆ ಬೇರೆ ಬಾಗಿಲು ಇಲ್ಲದ್ದಕ್ಕೆ ನನ್ನ ಮನೆಯಲ್ಲೇ ಎಡೆ ಇಡುತ್ತೇನೆ. ನನ್ನ ಗಂಡನಿಗೆ ಒಂದು ಎಲೆ, ದೊಡ್ಡಮ್ಮನಿಗೆ ಒಂದು, ಅವಳ ಮೂವರಿಗೆ ಮೂರು. ಬಡಿಸುವವಳು ಒಬ್ಬಳು, ಎಲೆ ಐದು. ಅಂಗಡಿಯದನ್ನು ತಂದು ಹೊಯ್ಯುವುದು ನನ್ನಿಂದ ಆಗಲಿಲ್ಲ. ಅವಳ ನಾಲ್ಕು ಎಲೆಗೆ ಅನ್ನ, ಕೋಳಿ ಸಾರು, ಕಡುಬು ಇಟ್ಟು ಚಿಪ್ಪು ಇಡದೆ ಬಿಟ್ಟಿದ್ದೆ ಇಷ್ಟು ವರ್ಷ. ಅದೂ ಒಂದು ಥರ ಅಡಗಿಸಿ ಇಟ್ಟ ಹಾಗೇ.

ಮೊನ್ನೆ ಹಬ್ಬಕ್ಕೆ ನಾಲ್ಕು ಚಿಪ್ಪು ಇಟ್ಟೆ. ಬಾವಿ ನೀರು ಹೊಯ್ದೆ. ಗಟ್ಟಿಯಾಗಿಯೇ ಹೇಳಿದೆ, ಕೇಳುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ.

"ದೊಡ್ಡಮ್ಮ, ನಿನ್ ಉಂಡೆ ಹಾಳು ಮಾಡಿದ್ದು ನಾನೇ. ಅವತ್ತಿಂದು ಅಂಗಡೀದು. ಇದು ನೀರು."

ಎಡೆ ಇಟ್ಟ ಮೇಲೆ ಅವರು ಉಣ್ಣಲಿ ಅಂತ ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ನಾನೂ ಕಟ್ಟೆಯ ಮೇಲೆ ಕೂತೆ. ಒಳಗೆ ಏನೂ ಸದ್ದಾಗಲಿಲ್ಲ. ಬಂದರೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದಿದ್ದರೆ ನೀರು ಕುಡಿದು ಹೋಗಿರುತ್ತಾರೆ.