ಷಡ್ಡಕನಿಗಿದ್ದ ಹುಳ

ಭತ್ತದ ಒಕ್ಕಣೆ ಶುರುವಾಯಿತೆಂದರೆ ನಂಜನಗೂಡಿನ ನಮ್ಮ ಮನೆಯ ಕಿಟಕಿಗಳೆಲ್ಲ ಮುಚ್ಚಿಕೊಳ್ಳುತ್ತವೆ. ಆದರೂ ಹುಲ್ಲಿನ ದೂಳು ವಿಳಾಸ ಕೇಳಿಕೊಂಡು ಬಂದಂತೆ ನೇರವಾಗಿ ನನ್ನ ಮೂಗಿಗೇ ಬರುತ್ತದೆ. ಮೊದಲು ಸೀನು, ಆಮೇಲೆ ಕಣ್ಣಲ್ಲಿ ನೀರು, ಕೊನೆಗೆ ಎದೆಯೊಳಗೆ ಹಾರ್ಮೋನಿಯಂ.

ಇಂಥ ನನಗೆ ದೇವರು ಒಬ್ಬ ಷಡ್ಡಕನನ್ನು ದಯಪಾಲಿಸಿದ. ಹೆಂಡತಿಯ ತಂಗಿಯ ಗಂಡ, ಮೂಗೂರಿನಲ್ಲಿ ಬೇಸಾಯ. ಅವನು ಒಕ್ಕಣೆಯ ದೂಳಿನಲ್ಲೇ ಮಿಂದು, ಹುಲ್ಲಿನ ಮೆದೆಗೆ ಒರಗಿ, ಮಧ್ಯಾಹ್ನದ ಗೊರಕೆ ಹೊಡೆಯುತ್ತಾನೆ. ಸೀನುವುದಿಲ್ಲ. ಅವನು ನಮ್ಮ ಬಂಧುವಾದ ದಿನದಿಂದ ನಾನು ಆ ಸೀನಿಗಾಗಿ ಕಾದಿದ್ದೇನೆ.

ನಮ್ಮ ಅತ್ತೆ ಇರುವುದು ಅವನ ಮನೆಯಲ್ಲೇ. ನಾನು ಹೋದಾಗಲೆಲ್ಲ ಎಲೆಗೆ ಉಪ್ಪು ಬೀಳುವ ಮೊದಲೇ ಅವನ ಗುಣಗಾನ ಬೀಳುತ್ತಿತ್ತು.

“ಚಿಕ್ಕಳಿಯಂದ್ರು ಒಂದಿನ ನೆಗಡಿ ಅಂದೋರಲ್ಲ ಕಣ್ರೀ. ಅಲ್ ನೋಡಿ, ಬರೀ ಅಕ್ಕೀನ ಕಟಕಟ ಅಗೀತಾರೆ. ಈಗೀಗ ಬಣ್ಣಾನೂ ಬಂದೈತೆ.”

ಎರಡೂ ನಿಜ. ಅವನ ಅಂಗಿಯ ಜೇಬಿನಲ್ಲಿ ಸದಾ ಒಂದು ಹಿಡಿ ಅಕ್ಕಿ ಇರುತ್ತಿತ್ತು. ಮಾತಿನ ನಡುವೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅಕ್ಕಿ ತಿಂದರೆ ಮದುವೆಯ ದಿನ ಮಳೆ ಬರುತ್ತದೆನ್ನುತ್ತಾರೆ. ಮದುವೆ ಮುಗಿದವನಿಗೆ ಆ ಭಯವೂ ಇಲ್ಲ. ನಾನೂ ಮನೆಯಲ್ಲಿ ಗುಟ್ಟಾಗಿ ಪ್ರಯತ್ನಿಸಿ, ದವಡೆ ಹಲ್ಲಿನ ಸಿಮೆಂಟು ಕಳೆದುಕೊಂಡೆ. ಇನ್ನು ಬಣ್ಣ. ದಿನವಿಡೀ ಬಿಸಿಲಲ್ಲಿ ನಿಲ್ಲುವವನು ಬೆಳ್ಳಗಾಗುತ್ತಿದ್ದ. ಕೊಡೆ ಹಿಡಿದು ಓಡಾಡುವ ನಾನು ರಾಗಿಮುದ್ದೆಯ ಬಣ್ಣದಲ್ಲೇ ಉಳಿದಿದ್ದೆ.

ಈ ಅನ್ಯಾಯವನ್ನು ಕೊನೆಗೆ ನಂಜನಗೂಡಿನ ಡಾಕ್ಟರಮ್ಮನ ಮುಂದಿಟ್ಟೆ. ಅವರು ಮೊದಲು ನನ್ನ ಕೆಳರೆಪ್ಪೆಯನ್ನು ಎಳೆದು ನೋಡಿ, “ಒಳಗೆ ಕೆಂಪಗಿದೆ, ರಕ್ತ ಚೆನ್ನಾಗಿದೆ” ಎಂದರು. ನನ್ನ ದೇಹವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಆಮೇಲೆ ಕೇಳಿದರು:

“ನಿಮ್ಮ ಷಡ್ಡಕರು ಗದ್ದೇಲಿ ಚಪ್ಪಲಿ ಹಾಕ್ತಾರಾ?”

“ಗದ್ದೇಲಿ ಯಾರ್ ಹಾಕ್ತಾರೆ ಡಾಕ್ಟ್ರೇ?”

“ಹಾಗಾದ್ರೆ ಹೊಟ್ಟೇಲಿ ಹುಳ ಇದ್ರೂ ಇರಬಹುದು.”

ಅವರು ಹೇಳಿದ್ದರ ಸಾರಾಂಶ ಇಷ್ಟು. ನಮ್ಮ ರೋಗನಿರೋಧಕ ಶಕ್ತಿಯಲ್ಲಿ ಹುಳುಗಳ ವಿರುದ್ಧ ಹೋರಾಡಲೆಂದೇ ಒಂದು ಪಡೆ ಇದೆ. ಹುಳುವಿಗೋ ಹೊಟ್ಟೆಯಲ್ಲಿ ವರ್ಷಗಟ್ಟಲೆ ಬಿಡಾರ ಹೂಡಬೇಕು. ಅದಕ್ಕಾಗಿ ತನ್ನ ಮೈಯಿಂದ ಏನೇನೋ ರಸ ಬಿಟ್ಟು ಆ ಪಡೆಯನ್ನು ಸಮಾಧಾನಪಡಿಸಿ ಕೂರಿಸುತ್ತದೆ. ಕೂತ ಪಡೆ ಎಷ್ಟೋ ಸಲ ದೂಳಿನ ತಂಟೆಗೂ ಹೋಗುವುದಿಲ್ಲ. ಹುಳುವೇ ಇಲ್ಲದವನ ಪಡೆ ಮಾಡಲು ಕೆಲಸವಿಲ್ಲದೆ ದೂಳಿನ ಮೇಲೆ ಬೀಳುತ್ತದೆ. ನಾನು ಸರ್ಕಾರಿ ಕಚೇರಿಯಲ್ಲಿ ಇದ್ದು ನಿವೃತ್ತನಾದವನು. ಕೆಲಸವಿಲ್ಲದ ವಿಭಾಗ ಬಡಪಾಯಿಗಳಿಗೆ ಏನು ಮಾಡುತ್ತದೆಂದು ನನಗೆ ವಿವರಿಸಬೇಕಾಗಿರಲಿಲ್ಲ.

“ಎಲ್ಲರಲ್ಲೂ ಹೀಗೇ ಅಂತಿಲ್ಲ. ಕೆಲವು ಹುಳದಿಂದ ಉಬ್ಬಸ ಜಾಸ್ತೀನೂ ಆಗುತ್ತೆ. ನೀವು ಹುಳ ಬರಿಸ್ಕೊಳ್ಳೋಕೆ ಹೋಗ್ಬೇಡಿ ಮತ್ತೆ,” ಎಂದೂ ಹೇಳಿದರು. ಈ ತಿದ್ದುಪಡಿ ನನ್ನ ಕಿವಿಗೆ ಬೀಳಲಿಲ್ಲ. ಹಲ್ಲು, ಬಣ್ಣ, ಅತ್ತೆಯ ಪ್ರೀತಿ ಸಾಲದೆಂದು ಅವನಿಗೆ ಹುಳವೂ ಇದೆ! ಆ ವಾರವೇ ಮೂಗೂರಿಗೆ ಹೊರಟೆ.

ಗದ್ದೆಯ ಅಂಚಿನಲ್ಲಿ, ಗರ್ಭಗುಡಿಯ ಮುಂದೆ ಬಿಡುವಷ್ಟೇ ಭಕ್ತಿಯಿಂದ ಚಪ್ಪಲಿ ಬಿಟ್ಟೆ.

“ಯಾಕಣ್ಣ ಬರಿಗಾಲು? ಅರಕೆ ಏನಾರ ಐತಾ?” ಎಂದ ಷಡ್ಡಕ.

“ಹೂಂ ಕಣಪ್ಪ. ಸಣ್ಣದೊಂದು.”

ಇಬ್ಬರೂ ಬದುವಿನ ಮೇಲೆ ಹೊರಟೆವು. ನಾನು ಸೀನುತ್ತ ಮುಂದೆ. ತೆಂಗಿನ ಮರ ದಾಟುವಷ್ಟರಲ್ಲಿ ಹಿಂದೆ ಹೆಜ್ಜೆಯ ಸದ್ದು ನಿಂತಿತು. ತಿರುಗಿದರೆ ಅವನು ಬದುವಿನ ಮೇಲೇ ಕೂತು, ಬಾಯಿ ತೆರೆದು ಉಸಿರೆಳೆಯುತ್ತಿದ್ದ.

“ಏನಿಲ್ಲ ಬುಡಿ ಅಣ್ಣ. ಒಸಿ ಸುಸ್ತು. ವಯಸ್ಸಾಯ್ತಲ್ಲ,” ಎಂದು ಜೇಬಿನಿಂದ ಅಕ್ಕಿ ತೆಗೆದ. ನನಗಿಂತ ಚಿಕ್ಕವನು.

ನನಗೆ ಡಾಕ್ಟರಮ್ಮನ ಹೊಗಳಿಕೆ ನೆನಪಾಯಿತು. ಇವನಿಗಿಂತ ಒಂದರಲ್ಲಾದರೂ ನಾನು ಮೇಲೆಂದು ಕಣ್ಣಾರೆ ನೋಡಿಬಿಡಬೇಕು ಅನ್ನಿಸಿತು. “ಎಲ್ಲಿ, ಕಣ್ಣು ತೋರ್ಸು,” ಎಂದು ಅವನ ಕೆಳರೆಪ್ಪೆ ಎಳೆದೆ. ಒಳಗೆ ಮೂಲಂಗಿಯಂತೆ ಬಿಳುಪು. ಉಗುರು ನೋಡಿದೆ, ಅದೂ ಬಿಳುಪು. ಅತ್ತೆ ಬಣ್ಣ ಬಂದಿದೆ ಎಂದು ಹಿಗ್ಗಿದ್ದು ರಕ್ತ ಹೋಗಿದ್ದಕ್ಕೆ.

ಸ್ಪರ್ಧೆಯಲ್ಲಿ ಗೆದ್ದೆ. ಮೊದಲು ಹೋಗಿ ಚಪ್ಪಲಿ ಹಾಕಿಕೊಂಡೆ.

ನರಸೀಪುರದ ಆಸ್ಪತ್ರೆಗೆ ಆಟೋ ಕರೆಸಿದಾಗ ಅತ್ತೆ ಅಡ್ಡ ನಿಂತರು. “ಸೀನೂ ಬರ್ದಿರೋ ಆಳ್ನ ಆಸ್ಪತ್ರೆಗೆ ಎಳ್ಕೊಂಡ್ ಓಯ್ತೀರಲ್ಲ ದೊಡ್ಡಳಿಯಂದ್ರೇ, ನಿಮ್ ಕಣ್ಣೇ ಬಿತ್ತಾ ಅವ್ರ ಮ್ಯಾಲೆ?”

ಬಿದ್ದದ್ದು ನಿಜ. ಈ ಮನೆಯಲ್ಲಿ ಅವನ ಮುಖವನ್ನು ಅಷ್ಟು ದಿಟ್ಟಿಸಿ ನೋಡಿದ್ದವನು ನಾನೊಬ್ಬನೇ.

ಪರೀಕ್ಷೆಯಲ್ಲಿ ಕೊಕ್ಕೆಹುಳ ಸಿಕ್ಕಿತು. ಬರಿಗಾಲಿನ ಚರ್ಮದಿಂದ ಒಳಗೆ ಹೋಗಿ, ಕರುಳು ಕಚ್ಚಿಕೊಂಡು ರಕ್ತ ಕುಡಿಯುವ ಜಾತಿ. ಅಕ್ಕಿಯ ಚಪಲ, ಆ ಬಣ್ಣ, ಏದುಸಿರು, ಎಲ್ಲಕ್ಕೂ ರಕ್ತ ಕಡಿಮೆಯಾದದ್ದೇ ಕಾರಣ. “ಇನ್ನೂ ಬಿಟ್ಟಿದ್ರೆ ಹೃದಯ ಸೋಲ್ತಿತ್ತು,” ಎಂದರು ಅಲ್ಲಿನ ಡಾಕ್ಟರು. ಹುಳುವಿಗೆ ಮಾತ್ರೆ, ತಿಂಗಳುಗಟ್ಟಲೆ ಕಬ್ಬಿಣಾಂಶದ ಮಾತ್ರೆ, ಕಾಲಿಗೆ ಚಪ್ಪಲಿ ಬರೆದುಕೊಟ್ಟರು.

ಮುಂದಿನ ಒಕ್ಕಣೆಗೆ ಕರೆಯದಿದ್ದರೂ ಹೋದೆ. ಹುಳ ಹೋಗಿದೆ, ಪಡೆ ಎದ್ದಿರಬೇಕು, ಇವತ್ತಾದರೂ ಸೀನುತ್ತಾನೆ. ಮೂಗಿಗೆ ಟವೆಲ್ ಕಟ್ಟಿ ಜಗಲಿಯ ಮೇಲೆ ಕೂತೆ. ದೂಳೆದ್ದಿತು. ಷಡ್ಡಕ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು, ಚಪ್ಪಲಿ ಪಟಪಟ ಅನ್ನಿಸುತ್ತ ನನ್ನೆದುರೇ ಹತ್ತಾರು ಸಲ ಓಡಾಡಿದ. ಸೀನಿದವನು ನಾನು.

“ನಿಮ್ ಮಾತ್ರೆ ದೆಸೆಯಿಂದ ಬಣ್ಣ ಎಲ್ಲಾ ಓಯ್ತು,” ಎಂದರು ಅತ್ತೆ. ಆದರೂ ಆ ದಿನ ಎಲೆಗೆ ಮೊದಲು ಬಿದ್ದದ್ದು ಉಪ್ಪೇ.

ಊಟವಾದ ಮೇಲೆ ಅವನನ್ನು ಕರೆದು ಕಣ್ಣು ತೋರಿಸು ಎಂದೆ. ನಗುತ್ತ ಬಗ್ಗಿದ. ರೆಪ್ಪೆಯ ಒಳಗೆ ತೊಂಡೆಹಣ್ಣು. “ಪರವಾಗಿಲ್ಲ,” ಎಂದು ಬೆನ್ನು ತಟ್ಟಿ, ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ, ಕನ್ನಡಿಯ ಮುಂದೆ ನನ್ನ ರೆಪ್ಪೆ ಎಳೆದು ನೋಡಿಕೊಂಡೆ.

ಅವನದೇ ಹೆಚ್ಚು ಕೆಂಪು.