ಹಾಸಿಗೆಯ ಬಳಿ ಬರೆದ ಹೆಸರು

ಹಗಲು ಗುಮಾಸ್ತಿಕೆ ಮಾಡಿ ಸಂಜೆ ಕಾಲೇಜಿನಲ್ಲಿ ಕಾನೂನು ಓದಿದ ನನ್ನಂಥವನು, ಹಿರಿಯ ವಕೀಲರೆಲ್ಲ ಬರೆಯುವ ಈ ಅಭಿನಂದನಾ ಸಂಪುಟದಲ್ಲಿ ಶ್ರೀಮತಿ ಸುಭಾಷಿಣಿ ಪಟ್ಟಜೋಶಿಯವರ ಬಗ್ಗೆ ಬರೆಯಲು ಹೊರಟಿರುವುದು ಅಧಿಕಪ್ರಸಂಗವೇ ಸರಿ; ಓದುಗರು ಕ್ಷಮಿಸಬೇಕು. ಕಟಕದ ಹೈಕೋರ್ಟಿನಲ್ಲಿ ಕೊಲೆ ಮೊಕದ್ದಮೆಯ ಅಪೀಲು ಎಂದರೆ ಮೊದಲು ನೆನಪಾಗುತ್ತಿದ್ದ ಹೆಸರು ಅವರದು. ನಮಗೆಲ್ಲ ಅವರು ಅಪಾ, ಅಂದರೆ ಅಕ್ಕ. ತಾವು ಪಾಠ ಹೇಳುತ್ತಿದ್ದ ಸಂಜೆ ತರಗತಿಯಲ್ಲಿ ನಾನು ತೂಕಡಿಸಿದಾಗ ಗದರದೆ ದಹಿಬರಾ ಎಂಬ ಮೊಸರುವಡೆ ತರಿಸಿ ತಿನ್ನಿಸಿದವರು. ಪಾಸಾದ ಮೇಲೆ, ನಾನು ಕೇಳುವ ಮೊದಲೇ, ತಮ್ಮ ಕಚೇರಿಯಲ್ಲಿ ಜೂನಿಯರಾಗಿ ಕೂರಿಸಿಕೊಂಡವರು.

ಅಲ್ಲಿ ನಾನು ಓದಿದ ಮೊದಲ ಅಪೀಲು ಮಾಗುಣಿಯದು. ತಮ್ಮನ ಹೆಂಡತಿ ಸುಕಾಂತಿಯನ್ನು ಅಂಗಳದಲ್ಲಿ ಇರಿದು ಕೊಂದನೆಂದು ಅವನಿಗೆ ಜೀವಾವಧಿ ಶಿಕ್ಷೆಯಾಗಿತ್ತು. ಆಸ್ಪತ್ರೆಯಲ್ಲಿ ಅಧಿಕಾರಿಯೊಬ್ಬರು ಬರೆದುಕೊಂಡ ಅವಳ ಮರಣಕಾಲದ ಹೇಳಿಕೆಯಲ್ಲಿ "ನನ್ನನ್ನು ಇರಿದವನು ಮಾಗುಣಿ" ಎಂದಿತ್ತು. ಪಕ್ಕದ ಮನೆಯ ಗಂಧರ್ವ, "'ಮಾಗುಣಿ ಕೊಲ್ಲುತ್ತಿದ್ದಾನೆ' ಎಂಬ ಅವಳ ಕೂಗು ಕೇಳಿ ಓಡಿ ಬಂದು ಕಣ್ಣಾರೆ ಕಂಡೆ" ಎಂದು ಸಾಕ್ಷಿ ನುಡಿದಿದ್ದ. ಈ ಅಪೀಲು ನಿಲ್ಲುವುದಿಲ್ಲ ಎಂದು ಅಂಜುತ್ತಲೇ ಹೇಳಿದೆ.

"ಆರ್ತಬಂಧು, ನಿನ್ನ ಹೆಂಡ್ತಿ ನಿಮ್ಮಣ್ಣನ್ನ ಏನಂತ ಕರೀತಾಳೆ?" ಎಂದರು ಅಪಾ.

"ಕರೆಯೋದೇ ಇಲ್ಲ ಅಪಾ. ಸೆರಗೆಳ್ಕೊಂಡು ಒಳಗೆ ಹೋಗ್ತಾಳೆ."

"ಮನೆಗೆ ಬೆಂಕಿ ಬಿದ್ರೆ?"

"'ಮಿನಿ ಅಪ್ಪಾ' ಅಂತ ಅವನ ಮಗಳ ಹೆಸರು ಹಿಡಿದು ಕೂಗಬಹುದು. ಅವನ ಹೆಸರೇ ಹಿಡಿದ್ರೆ ನಮ್ಮವ್ವ ಬೆಂಕಿ ಬಿಟ್ಟು ಇವಳ ಬೆನ್ನು ಹತ್ತುತ್ತಾಳೆ."

"ಎಲ್ಲಾ ಗೊತ್ತು ನಿಂಗೆ. ಫೈಲು ತೆಗೆದ ಕೂಡ್ಲೇ ಹೆಂಡ್ತಿ ಮರ್ತುಹೋಗ್ತಾಳೆ, ಅಷ್ಟೆ."

ಸುಕಾಂತಿ ಬದುಕಿರುವಷ್ಟು ದಿನವೂ ಭಾವನನ್ನು ಅವನ ಮಗನ ಹೆಸರು ಹಿಡಿದು 'ಟುಕುನನ ಅಪ್ಪ' ಎಂದಲ್ಲದೆ ಬೇರೆ ಹೆಸರಿನಿಂದ ಕರೆದವಳಲ್ಲವೆಂದು ಅವಳ ತಾಯಿಯೇ ಕೆಳಗಿನ ಕೋರ್ಟಿನಲ್ಲಿ ಹೇಳಿದ್ದರು. ಬರೆದುಕೊಳ್ಳುವಾಗ ಹಾಸಿಗೆಯ ಸುತ್ತ ನೆಂಟರು ನಿಂತಿದ್ದರೆಂದು ಆ ಅಧಿಕಾರಿಯೂ ಒಪ್ಪಿಕೊಂಡಿದ್ದರು.

"ಸಾಯುವ ಹೆಂಗಸು ಸೆರಗಿನ ಶಾಸ್ತ್ರ ನೋಡುತ್ತಾಳೆಯೇ?" ಎಂದು ನ್ಯಾಯಮೂರ್ತಿಗಳು ಕೇಳಿದರು.

"ನೋಡದೆಯೂ ಇರಬಹುದು, ಸ್ವಾಮಿ," ಎಂದರು ಅಪಾ. "ಆದರೆ ಅವಳ ಬಾಯಿಂದ ಬಂದದ್ದು ಯಾವುದು, ಸುತ್ತ ನಿಂತವರು ಸೇರಿಸಿದ್ದು ಯಾವುದು ಎಂದು ಬರೆದವರೇ ಹೇಳಲಾರರು. ಎಂದೂ ಆಡದ ಆ ಹೆಸರನ್ನೇ ಗಂಧರ್ವನೂ ಅವಳ ಕೂಗಿಗೆ ಸೇರಿಸಿದ್ದಾನೆ. ಇಷ್ಟನ್ನು ನಂಬಿ ಒಬ್ಬ ಮನುಷ್ಯನ ಬದುಕು ಮುಗಿಸಬಹುದೇ?"

ಸಂಶಯದ ಲಾಭ ಸಿಕ್ಕಿ ಮಾಗುಣಿ ಬಿಡುಗಡೆಯಾದ. ಹೊರಗೆ ಜಗಲಿಯಲ್ಲಿ ಸುಕಾಂತಿಯ ತಾಯಿ ಅಪಾ ಅವರ ಗೌನು ಹಿಡಿದು ನಿಲ್ಲಿಸಿದರು.

"ನನ್ ಮಗಳು ಸಾಯೋವಾಗ ಸುಳ್ಳಾಡಿದ್ಳಾ, ವಕೀಲಮ್ಮ?"

"ಇಲ್ಲ ತಾಯಿ. ಅವಳು ಆಡಿದ್ದನ್ನ ಆಡಿದ ಹಾಗೆ ಬರೀಲಿಲ್ಲ."

"ಹಂಗಾರೆ ಏನಂದ್ಲು? ಒಳಗೆ ಅಷ್ಟೆಲ್ಲಾ ಮಾತಾಡ್ದೆ. ಅದೊಂದು ಹೇಳು."

ಆ ತಾಯಿ ತಾವಾಗಿ ಕೈ ಬಿಡುವವರೆಗೂ ಅಪಾ ಅಲ್ಲಿಂದ ಕದಲಲಿಲ್ಲ.

ಆಮೇಲೆ ಅವರು ಜಿಲ್ಲೆಯಿಂದ ಜಿಲ್ಲೆಗೆ, ಬಸ್ಸಿನಲ್ಲಿ, ಆಸ್ಪತ್ರೆಗಳಿಗೆ ಹೋಗತೊಡಗಿದರು. ನೆಂಟರನ್ನು ಹೊರಗೆ ಕಳಿಸಿ, ಬಾಯಿಂದ ಬಂದ ಮಾತನ್ನೇ ಬರೆಯಿರಿ ಎಂದು ವೈದ್ಯರಿಗೂ ಅಧಿಕಾರಿಗಳಿಗೂ ಹೇಳಿಕೊಟ್ಟರು. "ಆರೋಪಿಗಳನ್ನ ಬಿಡಿಸೋರು ನಮಗೆ ಪಾಠ ಹೇಳ್ತೀರಾ?" ಎಂದು ಒಬ್ಬರು ಕುಟುಕಿದರು. "ನೀವು ಸರಿಯಾಗಿ ಬರೆದ್ರೆ ನನ್ನ ಕಕ್ಷಿದಾರರು ಸೋಲ್ತಾರೆ. ಸೋಲ್ಲಿ. ಬರೀರಿ," ಎಂದರು ಅಪಾ.

ಈಗ ಅವರು ಕರಿಕೋಟು ತೆಗೆದಿಟ್ಟಿದ್ದಾರೆ, ಪಾಠ ನಿಲ್ಲಿಸಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತುವ ಕಸುವು ಅವರ ಕಾಲಿಗೆ ಬಹುಕಾಲ ಇರಲಿ, ಒಪ್ಪದವರ ಎದುರೂ ಆ ದನಿ ತಗ್ಗದಿರಲಿ ಎಂದು ಬೇಡಿಕೊಳ್ಳುತ್ತೇನೆ.

ಮಾಗುಣಿ ಕೊಂದನೋ ಇಲ್ಲವೋ ನಾನರಿಯೆ. ಸುಕಾಂತಿ 'ಟುಕುನನ ಅಪ್ಪ' ಎಂದಿದ್ದಳೋ, ಬೇರೆ ಯಾರ ಹೆಸರನ್ನಾದರೂ ಹೇಳಿದ್ದಳೋ, ಅದೂ ಗೊತ್ತಿಲ್ಲ. ಅಪಾ ಅವರಿಗೂ ಗೊತ್ತಿಲ್ಲ.