ಬಡಿಸುವವರು ಬರುವ ಮೊದಲು

ಬೈಲಹೊಂಗಲದ ಪಾಲಿಟೆಕ್ನಿಕ್‌ನಲ್ಲಿ ನಮಗೆ ಪ್ರೋಗ್ರಾಮಿಂಗ್ ಕಲಿಸಿದ ಸರ್ ನಮ್ಮ ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಕೈ ಹಿಂದೆ ಕಟ್ಟಿ ನಿಂತು, "ಪಂಕ್ತಿ ನೋಡ್ರಿ" ಎನ್ನುತ್ತಿದ್ದರು.

ಕೊನೆಯ ಪರೀಕ್ಷೆಯ ದಿನ ನನ್ನ ಪ್ರಾಜೆಕ್ಟ್ ಲಿಂಕ್ ಆಗಲಿಲ್ಲ. ಸಿದ್ಧ ಫಂಕ್ಷನ್‌ಗಳ ಲೈಬ್ರರಿ ಅಲ್ಲೇ ಇದ್ದರೂ ನನ್ನ ಫೈಲಿಗೆ ಬೇಕಾದ ಫಂಕ್ಷನ್ ಸಿಗುತ್ತಿಲ್ಲ ಎಂದು, ಎರಡನ್ನೂ ಜೋಡಿಸಬೇಕಾದ ಲಿಂಕರ್ ಹೇಳುತ್ತಿತ್ತು. ಪರೀಕ್ಷಕರು ಪಕ್ಕದ ಮೇಜಿಗೆ ಬಂದಿದ್ದರು.

"ಪಂಕ್ತಿ ನೋಡವ್ವಾ," ಎಂದರು ಸರ್. "ಬಡಸಾಂವ ಒಂದ ಸಲ ಹಾಯ್ತಾನ. ನೀ ಕುಂದ್ರೂಕಿಂತ ಮೊದಲ ಹಾದು ಹೋದ್ರ ಹೋಳಿಗಿ ಯಾರ ಎಲಿಗೆ?"

ಲಿಂಕ್ ಮಾಡುವ ಸಾಲಿನಲ್ಲಿ ಲೈಬ್ರರಿಯ ಹೆಸರು ನನ್ನ ಫೈಲಿಗಿಂತ ಮುಂದಿತ್ತು; ಫೈಲ್ ಕೇಳುವ ಮೊದಲೇ ಲಿಂಕರ್ ಅದನ್ನು ಹಾದುಹೋಗಿತ್ತು. ಅದನ್ನು ಸಾಲಿನ ಕೊನೆಗೆ ಸರಿಸಿದೆ. ಪ್ರೋಗ್ರಾಂ ಓಡಿತು.

ಮೊನ್ನೆ ಕಟಕೋಳದಲ್ಲಿ, ತೀರಿಹೋದ ಸರ್ ಅವರ ಶಿವಗಣಾರಾಧನೆ. ಊಟಕ್ಕೆ ಎಲ್ಲರೂ ಕುಳಿತರೂ ನಾನು ನಿಂತೇ ಇದ್ದೆ. ಅವರ ಹೆಂಡತಿ ನನ್ನ ಭುಜ ಹಿಡಿದರು.

"ಕುಂದ್ರವ್ವಾ, ಬಡಸವರು ಬರಾಕತ್ಯಾರ."

ಕುಳಿತೆ.